ಕೂಪರ್ಸ್ ಮನೆ ಬಿಯರ್ ಕಿಟ್: ಡಬ್ಬಿಗಿಂತ ಪಾತ್ರೆಯೇ ಮೇಲು

ಮನೆ ಬಿಯರ್ ಕಿಟ್ ತಂದವರು ಬಾಕ್ಸ್ ಬಿಚ್ಚಿದ ತಕ್ಷಣ ಮಾಲ್ಟ್ ಡಬ್ಬಿ, ಅಂದರೆ ಮೊಳಕೆ ಬಾರ್ಲಿಯ ಪಾಕದ ಡಬ್ಬಿ, ಎತ್ತಿ ನೋಡುತ್ತಾರೆ. ನಾನು ಎತ್ತಿ ನೋಡಿದ್ದು ಹುದುಗಿಸುವ ಪಾತ್ರೆಯ ನಲ್ಲಿಯನ್ನು. ಪೂರ್ತಿ ಬಿಚ್ಚಲು ಬರುತ್ತದಾ? ಒಳಗೆ ಬ್ರಷ್ ಹೋಗುತ್ತದಾ? ವಾಷರ್ ಬೇರೆ ತೆಗೆದು ತೊಳೆಯಬಹುದಾ? ಶಿವಮೊಗ್ಗದ ಕಡೆ ಹಾಲಿನ ಡೈರಿಯ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವನು ನಾನು. ಈಗ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದೇನೆ, ಇಲ್ಲಿಯೂ ಆಹಾರದ ಕಾರ್ಖಾನೆಯ ಕೆಲಸವೇ. ಯಾವ ಪಾತ್ರೆ ಕಂಡರೂ ಕೊಳೆ ಎಲ್ಲಿ ಅಡಗಿ ಕೂರಬಹುದು ಅಂತ ಕಣ್ಣು ಮೊದಲು ಹುಡುಕುತ್ತದೆ. ಈ ವಿಮರ್ಶೆಯನ್ನೂ ಆ ಕಣ್ಣಿನಿಂದಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಬಿಯರ್ ಕೆಡುವುದಕ್ಕೆ ಬಹುಪಾಲು ಕಾರಣ ಪಾತ್ರೆ ಮತ್ತು ಉಷ್ಣತೆ. ಡಬ್ಬಿಯ ಪಾತ್ರ ಅದರಲ್ಲಿ ಸ್ವಲ್ಪ.

ಕೂಪರ್ಸ್ ಈ ಊರಿನದೇ ಕಂಪನಿ. ಯಾರ್ಕ್‌ಷೈರ್‌ನಿಂದ ಬಂದ ಥಾಮಸ್ ಕೂಪರ್ 1862ರಲ್ಲಿ ಇಲ್ಲಿ ಬಿಯರ್ ಮಾಡಲು ಶುರು ಮಾಡಿದರು. ಮೂಲ ಕಸುಬು ಚಪ್ಪಲಿ, ಬೂಟು ಹೊಲಿಯುವುದು. ಹುಷಾರಿಲ್ಲದ ಹೆಂಡತಿಗೆ ಟಾನಿಕ್ ಅಂತ ಮಾಡಿದ ಏಲ್ (ಬೆಚ್ಚಗೆ ಹುದುಗುವ ಬಗೆಯ ಬಿಯರ್) ಅವರ ಮೊದಲ ಬಿಯರ್ ಅನ್ನುತ್ತಾರೆ. ಕಂಪನಿ ಇಂದಿಗೂ ಆ ಕುಟುಂಬದ ಕೈಯಲ್ಲೇ ಇದೆ. 2001ರಿಂದ ಬ್ರೂವರಿ ಅಡಿಲೇಡ್‌ನ ರೀಜೆನ್ಸಿ ಪಾರ್ಕ್ ಬಡಾವಣೆಯಲ್ಲಿದೆ. ಅಡಿಲೇಡ್‌ನಲ್ಲಿ ಮನೆ ಬಿಯರ್ ಅಂದರೆ ಬಹಳ ಜನಕ್ಕೆ ಮೊದಲು ನೆನಪಾಗುವ ಹೆಸರು ಇದೇ.

ಕಿಟ್‌ನಲ್ಲಿ 23 ಲೀಟರ್ ಬಿಯರ್ ಹುದುಗಿಸುವ ಪ್ಲಾಸ್ಟಿಕ್ ಪಾತ್ರೆ, ಅದರ ಬಾಯಿಯ ಮೇಲೆ ಕೂರುವ ಬಳೆಯಂಥ ಒಂದು ಕಾಲರ್, ಮುಚ್ಚಳ, ನಲ್ಲಿ, ಬಾಟಲಿ ತುಂಬುವ ಕೊಳವೆ, ಹೈಡ್ರೋಮೀಟರ್, ದೊಡ್ಡ ಸೌಟು, ಪಾತ್ರೆಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ ಇವೆ. 740 ಎಂಎಲ್‌ನ 30 ಕಂದು ಬಾಟಲಿಗಳೂ ಬರುತ್ತವೆ. ಮೊದಲ ಸಲಕ್ಕೆ 1.7 ಕೆಜಿ ಲಾಗರ್ (ತಂಪಿನಲ್ಲಿ ಹುದುಗುವ ಬಗೆಯ ಬಿಯರ್) ಡಬ್ಬಿ, ಯೀಸ್ಟ್, ಹುದುಗಲು ಸೇರಿಸುವ ಸಕ್ಕರೆ ಪುಡಿ ಬ್ರೂ ಎನ್‌ಹಾನ್ಸರ್ 1 ಒಂದು ಕೆಜಿ, ಬಾಟಲಿಯಲ್ಲಿ ಗ್ಯಾಸ್ ಬರಿಸುವ ಸಕ್ಕರೆ ಉಂಡೆಗಳಾದ ಕಾರ್ಬೊನೇಶನ್ ಡ್ರಾಪ್ಸ್ ಒಂದು ಪ್ಯಾಕೆಟ್ ಕೊಡುತ್ತಾರೆ. ತೊಳೆಯುವ ಸಾಮಾನು ಮತ್ತು ನೀರಿನ ಕ್ಲೋರಿನ್ ತೆಗೆಯುವ ಮಾತ್ರೆ ಬಿಟ್ಟು ಶುರುವಿಗೆ ಬೇರೇನೂ ತರಬೇಕಾಗಿಲ್ಲ.

ಪಾತ್ರೆಯ ಬಾಯಿ ಅಗಲ. ಮೊಣಕೈ ತನಕ ಕೈ ಹಾಕಿ ತಳ ಮುಟ್ಟಬಹುದು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ನನಗೆ ಇದೇ ದೊಡ್ಡದು. ಸಣ್ಣ ಬಾಯಿಯ ಗಾಜಿನ ಜಾಡಿಯಲ್ಲಿ ಬಿಯರ್ ಮಾಡುವವರೂ ಇದ್ದಾರೆ. ಆ ಜಾಡಿಯ ಹೆಗಲ ಒಳಗಿನ ಕಲೆಯನ್ನು ಬ್ರಷ್ ಹಾಕಿ ತಿರುಗಿಸಿ ತಿರುಗಿಸಿ ತೆಗೆಯಬೇಕು. ಇಲ್ಲಿ ಮೆತ್ತನೆ ಬಟ್ಟೆ ಸಾಕು. ಮೆತ್ತನೆ ಬಟ್ಟೆಯೇ ಆಗಬೇಕು, ತಂತಿ ಬ್ರಷ್, ಹಸಿರು ಸ್ಕ್ರಬ್ಬರ್ ಯಾವುದೂ ಬೇಡ. ಪ್ಲಾಸ್ಟಿಕ್ ಮೇಲೆ ಗೀರು ಬಿತ್ತು ಅಂದರೆ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಅಲ್ಲಿಂದ ಅವನ್ನು ಹೊರಗೆ ಹಾಕುವುದು ಕಷ್ಟ.

ಇನ್ನು ಆ ಕಾಲರ್. ಇದನ್ನು ಯೋಚಿಸಿದವರ ಬಗ್ಗೆ ನನಗೆ ನಿಜವಾಗಿ ಗೌರವವಿದೆ. ಹುದುಗು ಜೋರಾದಾಗ ಮೇಲೆ ದಪ್ಪ ನೊರೆ ಏಳುತ್ತದೆ. ಯೀಸ್ಟ್, ಪ್ರೋಟೀನ್, ಹಾಪ್ಸ್‌ನ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಕಹಿ ಜಿಗುಟು ಎಲ್ಲ ಆ ನೊರೆಯಲ್ಲಿ ಸೇರಿರುತ್ತದೆ. ನೊರೆ ಇಳಿದ ಮೇಲೆ ಪಾತ್ರೆಯ ಗೋಡೆಗೆ ಕಂದು ಪಟ್ಟಿ ಅಂಟಿಕೊಂಡು ಒಣಗುತ್ತದೆ. ಈ ಕಿಟ್‌ನಲ್ಲಿ ಆ ಪಟ್ಟಿಯ ಬಹುಪಾಲು ಕಾಲರ್‌ಗೇ ಅಂಟುತ್ತದೆ. ಮೂರ್ನಾಲ್ಕು ದಿನ ಬಿಟ್ಟು ನೊರೆ ಇಳಿದಾಗ ಕಾಲರ್ ಎತ್ತಿ ತೆಗೆದು ಮುಚ್ಚಳ ನೇರವಾಗಿ ಪಾತ್ರೆ ಮೇಲೆ ಇಟ್ಟರೆ ಮುಗಿಯಿತು. ಕೊಳೆ ಒಣಗುವ ಮೊದಲೇ ಕಾಲರ್ ತೊಳೆದಿಟ್ಟಿರುತ್ತೀರಿ. ಡೈರಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠವೂ ಅದೇ. ಹಸಿ ಕೊಳೆ ನೀರಿಗೇ ಹೋಗುತ್ತದೆ, ಒಣಗಿದ್ದಕ್ಕೆ ಕೆಮಿಕಲ್ ಬೇಕು.

ಮುಚ್ಚಳದಲ್ಲಿ ಏರ್‌ಲಾಕ್ ಇಲ್ಲ. ಅಂದರೆ ಗುಳುಗುಳು ಅಂತ ಗುಳ್ಳೆ ಬಿಡುವ ಕೊಳವೆ ಇಲ್ಲ. ಒಳಗಿನ ಕಾರ್ಬನ್ ಡೈಆಕ್ಸೈಡ್ ಮುಚ್ಚಳದ ಅಂಚಿನಿಂದಲೇ ಹೊರಗೆ ಹೋಗುತ್ತದೆ. ಹೊಸಬರು ಇದಕ್ಕೆ ಗಾಬರಿಯಾಗುತ್ತಾರೆ, ಸದ್ದೇ ಇಲ್ಲ, ಯೀಸ್ಟ್ ಸತ್ತುಹೋಯಿತಾ ಅಂತ. ಗಾಬರಿ ಬೇಡ. ಗ್ಯಾಸ್ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಗಾಳಿ ಒಳಗೆ ಬರುವುದಿಲ್ಲ. ಏರ್‌ಲಾಕ್ ಇಲ್ಲ ಅಂದರೆ ತೊಳೆಯಲು ಒಂದು ತೂತು, ಒಂದು ರಬ್ಬರ್ ಬಿರಡೆ ಕಡಿಮೆ. ನನಗೆ ಅದು ಲಾಭವೇ. ಆದರೆ ಹುದುಗು ಮುಗಿದ ಮೇಲೂ ವಾರಗಟ್ಟಲೆ ಇದರಲ್ಲೇ ಬಿಡಬೇಡಿ. ಆಗ ಹೊರಗೆ ತಳ್ಳುವ ಗ್ಯಾಸ್ ಇರುವುದಿಲ್ಲ, ಗಾಳಿ ನಿಧಾನವಾಗಿ ಒಳಗೆ ಸೇರುತ್ತದೆ.

ನಲ್ಲಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇಂಥ ಪ್ಲಾಸ್ಟಿಕ್ ನಲ್ಲಿಗಳಲ್ಲಿ ತಿರುಗುವ ಭಾಗ ಬೇರೆ, ಹೊರಗಿನ ಕವಚ ಬೇರೆ. ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಒತ್ತಿದರೆ ಎರಡೂ ಬೇರೆಯಾಗುತ್ತವೆ. ನಲ್ಲಿ ಪೂರ್ತಿ ಒಂದೇ ಅಂದುಕೊಂಡು ಸುಮ್ನೆ ನೀರು ಹರಿಸಿ ಇಡುವವರು ಬಹಳ. ಆ ಎರಡು ಭಾಗಗಳ ನಡುವೆ ಹಳೆ ಬಿಯರ್ ತೆಳುವಾಗಿ ನಿಂತಿರುತ್ತದೆ. ಮುಂದಿನ ಸಲ ಬಾಟಲಿ ತುಂಬುವಾಗ ಒಂದೊಂದು ಬಾಟಲಿಯೂ ಅದನ್ನು ದಾಟಿಕೊಂಡೇ ಹೋಗಬೇಕು. ಪಾತ್ರೆಯಲ್ಲಿದ್ದಾಗ ಚೆನ್ನಾಗಿದ್ದ ಬಿಯರ್ ಬಾಟಲಿಯಲ್ಲಿ ತಿಂಗಳು ಕಳೆದ ಮೇಲೆ ಹುಳಿಯಾದರೆ ನಾನು ಮೊದಲು ಕೇಳುವುದು, ನಲ್ಲಿ ಬಿಚ್ಚಿದ್ದಿರಾ ಅಂತ. ಪ್ರತಿ ಸಲವೂ ಬಿಚ್ಚಿ. ಕೂರಿಸಿದ ಮೇಲೆ ಸ್ವಲ್ಪ ನೀರು ತುಂಬಿ ಸೋರುತ್ತದಾ ನೋಡಿ, ಆಮೇಲೆ ಬಿಯರ್ ಕೆಲಸ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಕೊಳೆ ಇರುವ ಜಾಗಕ್ಕೆ ಸ್ಯಾನಿಟೈಸರ್ ಹಾಕಿದರೆ ಕೊಳೆಯ ಕೆಳಗಿರುವುದು ಸಾಯುವುದಿಲ್ಲ. ತೊಳೆಯಲು ಸೋಡಿಯಂ ಪರ್ಕಾರ್ಬೊನೇಟ್ ಒಳ್ಳೆಯದು. ಪರಿಮಳ ಇಲ್ಲದ್ದು ತನ್ನಿ. ಪಾತ್ರೆ ತೊಳೆಯುವ ನಿಂಬೆ ವಾಸನೆಯ ಸೋಪು ಪ್ಲಾಸ್ಟಿಕ್‌ಗೆ ಅಂಟಿದರೆ ಬಿಯರ್‌ನ ನೊರೆಯೂ ನಿಲ್ಲುವುದಿಲ್ಲ. ತೊಳೆದ ಮೇಲೆ ಫಾಸ್ಫಾರಿಕ್ ಆ್ಯಸಿಡ್ ಇರುವ, ಮತ್ತೆ ತೊಳೆಯಬೇಕಾಗಿಲ್ಲದ ಸ್ಯಾನಿಟೈಸರ್. ಡೈರಿಯಲ್ಲೂ ಮೊದಲು ಕಾಸ್ಟಿಕ್, ಆಮೇಲೆ ಆ್ಯಸಿಡ್ ಹರಿಸುತ್ತಿದ್ದೆವು. ಹಾಗಾಗಿ ಈ ಕ್ರಮ ನನಗೆ ಸಲೀಸು. ಬಾಟಲಿಗಳಿಗೆ ಕುದಿಯುವ ನೀರು ಮಾತ್ರ ಹಾಕಬೇಡಿ. ಅವು ಪೆಟ್ ಪ್ಲಾಸ್ಟಿಕ್, ಬಿಸಿಗೆ ಮುದುಡುತ್ತವೆ.

ಈಗ ಡಬ್ಬಿಗೆ ಬರೋಣ. ಮುಚ್ಚಳ ತೆಗೆದರೆ ಒಳಗೆ ನಮ್ಮ ಮಲೆನಾಡಿನ ಜೋನಿ ಬೆಲ್ಲದ ಹಾಗೇ ಇರುತ್ತದೆ. ಅದೇ ಬಣ್ಣ, ಸೌಟಿನಿಂದ ಅದೇ ನೂಲಾಗಿ ಇಳಿಯುವುದು. ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ಕಹಿ. ಆ ಕಹಿ ಹಾಪ್ಸ್‌ನದು. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುವುದು, ಅದನ್ನು ಬಿಸಿ ನೀರಿನಲ್ಲಿ ಹದವಾಗಿ ಇಟ್ಟು ಪಿಷ್ಟವನ್ನು ಸಕ್ಕರೆ ಮಾಡುವುದು, ಹಾಪ್ಸ್ ಹಾಕಿ ಕುದಿಸುವುದು, ನೀರು ಇಂಗಿಸುವುದು, ಈ ಕೆಲಸವೆಲ್ಲ ಬ್ರೂವರಿಯಲ್ಲೇ ಮುಗಿದಿದೆ. ನಮಗೆ ಉಳಿಯುವುದು ಹುದುಗು ಒಂದೇ. ಇದನ್ನು ಕೇವಲವಾಗಿ ಮಾತಾಡುವವರಿದ್ದಾರೆ, ಡಬ್ಬಿಯಿಂದ ಮಾಡಿದ್ದು ಬಿಯರೇ ಅಲ್ಲ ಅಂತ. ನಾನು ಒಪ್ಪುವುದಿಲ್ಲ. ರುಚಿ ಕೆಡಿಸುವುದೂ ಕಾಪಾಡುವುದೂ ಬಹುಪಾಲು ಹುದುಗಿನಲ್ಲೇ ಇದೆ. ಕಲಿಯುವವನಿಗೆ ಆ ಒಂದರ ಮೇಲೆ ಗಮನ ಇಡಲು ಬಿಡುವ ಡಬ್ಬಿ ಒಳ್ಳೆಯ ಮೇಷ್ಟ್ರು.

ಡಬ್ಬಿಯ ಮೇಲಿನ ದಿನಾಂಕ ನೋಡಿ ಕೊಳ್ಳಿ. ಒಂದು ಅಂಗಡಿಯವರು ಅವಧಿ ಮುಗಿಯಲು ಬಂದ ಡಬ್ಬಿಯನ್ನು ಪೂರ್ತಿ ಬೆಲೆಗೆ ಕೊಟ್ಟಿದ್ದರು. ಬಿಚ್ಚಿದಾಗ ಪಾಕ ಕಪ್ಪಗಾಗಿತ್ತು. ಬಿಯರ್‌ಗೂ ಹಳೆ ಪಾಕದ ಚುರುಕು ರುಚಿ ಬಂತು. ಹೊಸ ಡಬ್ಬಿಯಲ್ಲಿ ಆ ರುಚಿ ಇರುವುದಿಲ್ಲ.

ಮಾಡುವ ಕೆಲಸ ಅರ್ಧ ಗಂಟೆಯದು. ಡಬ್ಬಿಯನ್ನು ಬಿಸಿ ನೀರಿನಲ್ಲಿ ಇಟ್ಟು ಪಾಕ ಸಡಿಲ ಮಾಡಿಕೊಳ್ಳಬೇಕು. ಸುಮಾರು ಎರಡು ಲೀಟರ್ ಬಿಸಿ ನೀರಿಗೆ ಪಾಕ, ಎನ್‌ಹಾನ್ಸರ್ ಹಾಕಿ ಗಂಟಿಲ್ಲದಂತೆ ಕಲಸಬೇಕು. ತಣ್ಣೀರು ಹಾಕಿ 20 ಲೀಟರ್‌ಗೆ ತಂದು ಉಷ್ಣತೆ ನೋಡಿ, ಉಳಿದ ಮೂರು ಲೀಟರ್ ತಣ್ಣಗಿನದೋ ಬೆಚ್ಚಗಿನದೋ ಅಂತ ಆಮೇಲೆ ತೀರ್ಮಾನ ಮಾಡಿದರೆ ಹದ ಸಿಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಮರೆಯಬೇಡಿ. ಅದು ಮಾಲ್ಟ್ ಜೊತೆ ಸೇರಿದರೆ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬರುತ್ತದೆ. ಕ್ಲೋರಿನ್ ತೆಗೆಯುವ ಕ್ಯಾಂಪ್ಡನ್ ಮಾತ್ರೆಯನ್ನು ಅರ್ಧ ಪುಡಿ ಮಾಡಿ ನೀರಿಗೆ ಹಾಕಿದರೆ ಧಾರಾಳ ಸಾಕು.

ಯೀಸ್ಟ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೇ ಇರುತ್ತದೆ, ಏಳು ಗ್ರಾಂ. ಡಬ್ಬಿಯ ಮೇಲೆ ಲಾಗರ್ ಅಂತಿದ್ದರೂ ಒಳಗಿರುವುದು ಏಲ್ ಯೀಸ್ಟ್. ನಿಜವಾದ ಲಾಗರ್ ಯೀಸ್ಟ್‌ಗೆ 10–12 ಡಿಗ್ರಿ ತಂಪು ಬೇಕು. ಫ್ರಿಜ್ ಇಲ್ಲದ ಮನೆಗಾರಿಕೆಗೆ ಅದು ಆಗದ ಮಾತು. ಆದ್ದರಿಂದ ಕೂಪರ್ಸ್‌ನವರು ಏಲ್ ಯೀಸ್ಟ್ ಕೊಟ್ಟಿದ್ದು ಸರಿಯಾದ ತೀರ್ಮಾನ. ಕಿಟ್ ಡಬ್ಬಿಗಳ ಸೂಚನೆಗಳು ಸಾಮಾನ್ಯವಾಗಿ 20 ಡಿಗ್ರಿಯ ಮೇಲಿನ ಉಷ್ಣತೆಯನ್ನೂ ಒಪ್ಪುತ್ತವೆ. ಬಿಯರ್ ಆಗುತ್ತದೆ, ನಿಜ. ಆದರೆ ನಾನು 18–20ರ ಒಳಗೇ ಇಡುತ್ತೇನೆ. ಬಿಸಿ ಜಾಸ್ತಿಯಾದರೆ ಯೀಸ್ಟ್ ಅವಸರ ಮಾಡುತ್ತದೆ, ಹಣ್ಣಿನ ವಾಸನೆ, ಥಿನ್ನರ್‌ನಂಥ ಖಾರ ಬಿಡುತ್ತದೆ. ಹುದುಗುವಾಗ ಒಳಗೇ ಶಾಖ ಹುಟ್ಟುವುದರಿಂದ ಕೋಣೆಗಿಂತ ಪಾತ್ರೆ ಒಂದೆರಡು ಡಿಗ್ರಿ ಬಿಸಿ ಇರುತ್ತದೆ. ಕೋಣೆಯ ಥರ್ಮಾಮೀಟರ್ ನಂಬಬೇಡಿ, ಪಾತ್ರೆಗೆ ಅಂಟಿಸಿದ ಪಟ್ಟಿ ನೋಡಿ.

ಅಡಿಲೇಡ್‌ನಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಜುಲೈ ರಾತ್ರಿಗಳು ಏಳೆಂಟಕ್ಕೆ ಇಳಿಯುತ್ತವೆ. ಎರಡೂ ಕಾಲಕ್ಕೆ ಉಪಾಯ ಇದೆ. ಬೇಸಿಗೆಯಲ್ಲಿ ದೊಡ್ಡ ಟಬ್‌ನಲ್ಲಿ ನೀರು ತುಂಬಿ ಪಾತ್ರೆ ಇಟ್ಟು, ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗಳನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಹಾಕುತ್ತೇನೆ. ಚಳಿಗಾಲದಲ್ಲಿ ಪಾತ್ರೆಗೆ ಹೀಟ್ ಬೆಲ್ಟ್. ಹಳೆ ಫ್ರಿಜ್ ಮತ್ತು ಟೆಂಪರೇಚರ್ ಕಂಟ್ರೋಲರ್ ಇದ್ದರೆ ಇದಾವ ತಾಪತ್ರಯವೂ ಇಲ್ಲ. ಕಿಟ್ ಕೊಂಡ ಮೇಲೆ ಕೈಯಲ್ಲಿ ದುಡ್ಡು ಉಳಿದಿದ್ದರೆ ಮೊದಲು ಇದಕ್ಕೆ ಹಾಕಿ. ಹೊಳೆಯುವ ಸ್ಟೀಲ್ ಪಾತ್ರೆಯ ಆಸೆ ಆಮೇಲೆ.

ಹೈಡ್ರೋಮೀಟರ್ ನನಗೆ ಹಳೆ ಪರಿಚಯ. ಹಾಲಿಗೆ ಹಾಕುವ ಲ್ಯಾಕ್ಟೋಮೀಟರ್ ಕೂಡ ಇದೇ ಜಾತಿಯದು. ದ್ರವದಲ್ಲಿ ಎಷ್ಟು ಕರಗಿದೆ ಅನ್ನುವುದನ್ನು ತೇಲಿ ಹೇಳುತ್ತದೆ. ಶುರುವಿನಲ್ಲಿ ಸುಮಾರು 1.040 ತೋರಿಸುತ್ತದೆ. ಸಕ್ಕರೆ ಆಲ್ಕೋಹಾಲ್ ಆದಂತೆ ಇಳಿದು 1.008ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎರಡು ದಿನ ಬಿಟ್ಟು ನೋಡಿದಾಗಲೂ ಅದೇ ಅಂಕಿ ಇದ್ದರೆ ಮಾತ್ರ ಹುದುಗು ಮುಗಿದಿದೆ. ಇಷ್ಟು ದಿನ ಆಯಿತು ಅಂತ ಬಾಟಲಿ ತುಂಬುವುದು ಅಪಾಯ. ಸಕ್ಕರೆ ಉಳಿದಿದ್ದರೆ ಬಾಟಲಿಯೊಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಗಾಜಿನ ಬಾಟಲಿಯಾದರೆ ಸಿಡಿಯಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಹಗುರವಾಗಿ ನೋಡಲೇಬಾರದು.

ಎಷ್ಟು ಅಮಲು ಅಂತ ಲೆಕ್ಕ ಹಾಕುವುದೂ ಸುಲಭ. ಹೈಡ್ರೋಮೀಟರ್ ಅಂಕಿಗಳ ಚುಕ್ಕಿ ಬಿಟ್ಟು 1040ರಿಂದ 1008 ಕಳೆದರೆ 32. ಅದನ್ನು 7.46ರಿಂದ ಭಾಗಿಸಿದರೆ 4.3. ಬಾಟಲಿಯಲ್ಲಿ ಆಗುವ ಎರಡನೇ ಹುದುಗಿಗೆ 0.5 ಸೇರಿಸಿದರೆ 4.8 ಶೇಕಡ. ಇಲ್ಲಿ ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ಈ ಲೆಕ್ಕದಲ್ಲಿ ಒಂದು 740 ಎಂಎಲ್ ಬಾಟಲಿ ಸುಮಾರು 2.8 ಡ್ರಿಂಕ್. ಮನೆಯದು, ಹಗುರ ಅಂದುಕೊಂಡು ಒಂದು ಬಾಟಲಿ ಮುಗಿಸಿ ಕಾರಿನ ಕೀ ಎತ್ತಬೇಡಿ. ಊಟಕ್ಕೆ ಬಂದ ಗೆಳೆಯರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಟಲಿ ತುಂಬುವುದು ನಿಜಕ್ಕೂ ಖುಷಿಯ ಕೆಲಸ. ಕೊಳವೆಯ ತುದಿಯಲ್ಲಿ ಒತ್ತಿದರೆ ತೆರೆಯುವ ವಾಲ್ವ್ ಇದೆ. ಬಾಟಲಿಯ ತಳಕ್ಕೆ ಒತ್ತಿದರೆ ಕೆಳಗಿನಿಂದ ತುಂಬುತ್ತದೆ, ನೊರೆ ಏಳುವುದಿಲ್ಲ, ಗಾಳಿ ಕಡಿಮೆ ಸೇರುತ್ತದೆ. ಎತ್ತಿದ ತಕ್ಷಣ ನಿಲ್ಲುತ್ತದೆ. ಬಾಟಲಿಗೆ ಎರಡು ಸಕ್ಕರೆ ಡ್ರಾಪ್ ಹಾಕಿ ಮುಚ್ಚಳ ಬಿಗಿ ಮಾಡಿ. 375 ಎಂಎಲ್ ಬಾಟಲಿಯಾದರೆ ಒಂದೇ. ಸಕ್ಕರೆ ಅಳೆಯುವ ತಲೆನೋವಿಲ್ಲ. ಪೆಟ್ ಬಾಟಲಿಯ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಹಿಸುಕಿ ನೋಡಿದರೆ ಗ್ಯಾಸ್ ಎಷ್ಟು ತುಂಬಿದೆ ಅಂತ ಕೈಗೇ ಗೊತ್ತಾಗುತ್ತದೆ. ಶುರುವಿನಲ್ಲಿ ಮೆತ್ತಗಿದ್ದದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. 18 ಡಿಗ್ರಿಗಿಂತ ತಣ್ಣಗಿಲ್ಲದ, ಬಿಸಿಲು ಬೀಳದ ಜಾಗದಲ್ಲಿ ಎರಡು ವಾರ ಇಡಿ. ಬೆಳಕು ಹಾಪ್ಸ್‌ನ ಕಹಿಯನ್ನು ಕೆಡಿಸಿ ಕೆಟ್ಟ ವಾಸನೆ ತರುತ್ತದೆ, ಬಾಟಲಿ ಕಂದು ಬಣ್ಣ ಇರುವುದು ಅದಕ್ಕೇ.

ರುಚಿ ಹೇಗಿದೆ? ಕಿಟ್‌ನಲ್ಲಿ ಕೊಟ್ಟದ್ದನ್ನೇ ಹಾಕಿ ಮಾಡಿದ್ದು ಸ್ವಚ್ಛವಾದ, ತೆಳುವಾದ, ಬಿಸಿಲಿಗೆ ಒಳ್ಳೆಯ ಬಿಯರ್. ನಾಲ್ಕು ವಾರ ತಡೆದರೆ ಎರಡನೇ ವಾರಕ್ಕಿಂತ ಬಹಳ ಉತ್ತಮ. ಮೊದಮೊದಲು ಹಸಿ ಸೇಬಿನ ವಾಸನೆ ಇರುತ್ತದೆ, ಅದು ಯೀಸ್ಟ್ ಇನ್ನೂ ಕೆಲಸ ಮುಗಿಸಿಲ್ಲ ಅಂತ ಅರ್ಥ. ತಳದಲ್ಲಿ ಯೀಸ್ಟ್ ಗಸಿ ಕೂರುವುದು ಸಹಜ. ಕೂಪರ್ಸ್‌ನ ಅಂಗಡಿ ಏಲ್‌ಗಳಲ್ಲೂ ಗಸಿ ಇರುತ್ತದೆ, ಇಲ್ಲಿಯವರು ಬಾಟಲಿ ಉರುಳಿಸಿ ಅದನ್ನು ಕಲಕಿಯೇ ಕುಡಿಯುತ್ತಾರೆ. ನನಗೆ ಗಸಿ ಬೇಡ. ಒಂದೇ ಸಲಕ್ಕೆ ಜಗ್‌ಗೆ ಬಗ್ಗಿಸಿ ಕೊನೆಯ ಎರಡು ಬೆರಳಷ್ಟು ಬಿಟ್ಟುಬಿಡುತ್ತೇನೆ.

ಎರಡನೇ ಡಬ್ಬಿ ತರುವಾಗ ಮೂರು ವಸ್ತು ಬದಲಾಯಿಸಿ, ವ್ಯತ್ಯಾಸ ನಾಲಿಗೆಗೇ ತಿಳಿಯುತ್ತದೆ. ಎನ್‌ಹಾನ್ಸರ್ 1ರಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಸಕ್ಕರೆ) ಮತ್ತು ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಇವೆ. ಡೆಕ್ಸ್‌ಟ್ರೋಸನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತದೆ, ಬಿಯರ್‌ಗೆ ಮೈ ಬರುವುದಿಲ್ಲ. ಅದರ ಬದಲು ಅರ್ಧ ಕೆಜಿ ಲೈಟ್ ಡ್ರೈ ಮಾಲ್ಟ್, 300 ಗ್ರಾಂ ಡೆಕ್ಸ್‌ಟ್ರೋಸ್ ಹಾಕಿ. ಡಬ್ಬಿಯ ಯೀಸ್ಟ್ ಜಾಗದಲ್ಲಿ ಯುಎಸ್-05 ಅನ್ನುವ ಏಲ್ ಯೀಸ್ಟ್‌ನ 11.5 ಗ್ರಾಂ ಪ್ಯಾಕೆಟ್. ಹುದುಗು ಇಳಿಯುವ ಹೊತ್ತಿಗೆ 25 ಗ್ರಾಂ ಗ್ಯಾಲಕ್ಸಿ ಹಾಪ್ಸ್. ಪಾಕ ಇಂಗಿಸುವಾಗ ಹಾಪ್ಸ್‌ನ ಕಹಿ ಉಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ಇದು ಆ ಪರಿಮಳವನ್ನು ವಾಪಸ್ ತರುತ್ತದೆ. ಗ್ಯಾಲಕ್ಸಿ ಆಸ್ಟ್ರೇಲಿಯಾದ್ದೇ ತಳಿ, ಪ್ಯಾಶನ್‌ಫ್ರೂಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮನೆಯಲ್ಲಿ ನಾಯಿ ಇದ್ದವರು ಕೇಳಿ. ಹಾಪ್ಸ್ ನಾಯಿಗೆ ವಿಷ. ಉಳಿದ ಗಸಿಯನ್ನು ತೋಟದ ಗೊಬ್ಬರಕ್ಕೆ ಸುರಿಯದೆ ಕಟ್ಟಿ ಕಸದ ಡಬ್ಬಿಗೆ ಹಾಕಿ.

ದುಡ್ಡಿನ ಮಾತು. ಕಿಟ್‌ಗೆ ನೂರು ಡಾಲರ್‌ಗೂ ಮೇಲೆ ಬೀಳುತ್ತದೆ. ಆಮೇಲೆ ಪ್ರತಿ ಸಲ ಡಬ್ಬಿ, ಮಾಲ್ಟ್, ಹಾಪ್ಸ್, ಡ್ರಾಪ್ಸ್ ಸೇರಿ ಬರುವ ಖರ್ಚು ಅಂಗಡಿಯ ಒಂದು ಕಾರ್ಟನ್ (24 ಸಣ್ಣ ಬಾಟಲಿ) ಬಿಯರ್‌ನ ಬೆಲೆಯೊಳಗೇ ಮುಗಿಯುತ್ತದೆ, ಸಿಗುವುದು ಎರಡೂವರೆ ಕಾರ್ಟನ್‌ನಷ್ಟು ಬಿಯರ್. ಕಾರಣ ತೆರಿಗೆ. ಅಂಗಡಿ ಬಿಯರ್ ಮೇಲೆ ಇಲ್ಲಿ ಅಬಕಾರಿ ಸುಂಕ ದೊಡ್ಡದು, ಮನೆಯಲ್ಲಿ ಸ್ವಂತಕ್ಕೆ ಮಾಡಿಕೊಂಡಿದ್ದಕ್ಕೆ ಸುಂಕ ಇಲ್ಲ. ಮಾರುವ ಹಾಗಿಲ್ಲ. ಭಟ್ಟಿ ಇಳಿಸುವ ಹಾಗಂತೂ ಇಲ್ಲವೇ ಇಲ್ಲ, ಅದಕ್ಕೆ ತೆರಿಗೆ ಇಲಾಖೆಯ ಪರವಾನಗಿ ಬೇಕು.

ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ, “ಮಾವ, ಬರುವಾಗ ನನಗೂ ಒಂದು ಕಿಟ್ ತಗೊಂಡು ಬಾ” ಅನ್ನುತ್ತಾನೆ. “ಅಲ್ಲಿ ಅದು ಆಗಲ್ಲ ಮಾರಾಯ” ಅಂತ ನಾನು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಲೈಸೆನ್ಸ್ ಪಡೆದು ಮಾಡುತ್ತವೆ. ಮನೆಯ ಬಾಲ್ಕನಿಗೆ ಆ ಲೈಸೆನ್ಸ್ ಸಿಗುವುದಿಲ್ಲ. ಇಂಗ್ಲೆಂಡ್‌ನಲ್ಲಿ 1963ರಲ್ಲಿ ಮನೆ ಬಿಯರ್‌ನ ಲೈಸೆನ್ಸ್ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದಾರಿ ತೆರೆಯಿತು. ಆ ದೇಶಗಳಲ್ಲಿರುವ ಕನ್ನಡದವರು ಧೈರ್ಯವಾಗಿ ಮಾಡಬಹುದು, ತಮ್ಮ ರಾಜ್ಯದ ನಿಯಮ ಒಮ್ಮೆ ನೋಡಿಕೊಂಡು.

ಪಾತ್ರೆ ತೊಳೆಯುವುದು ಬೇಜಾರು ಅನ್ನುವವರಿಗೆ ನಾನು ಇದನ್ನು ಕೊಳ್ಳಿ ಅನ್ನುವುದಿಲ್ಲ. 30 ಬಾಟಲಿ ಇವೆ, ಕುಡಿದ ತಕ್ಷಣ ಒಂದೊಂದನ್ನೂ ಮೂರು ಸಲ ಗಲಬರಿಸಿ ಕವುಚಿ ಇಡುವ ಅಭ್ಯಾಸ ಬೇಕು. ಆ ಅಭ್ಯಾಸ ಇರುವವರು ಕಣ್ಣು ಮುಚ್ಚಿ ಕೊಳ್ಳಿ. ಪಾತ್ರೆ, ಕಾಲರ್, ಹೈಡ್ರೋಮೀಟರ್ ಹಲವು ವರ್ಷ ಬರುತ್ತವೆ. ಡ್ರಾಪ್ಸ್ ಮತ್ತು ಡಬ್ಬಿ ಕೋಲ್ಸ್, ವುಲ್‌ವರ್ತ್ಸ್‌ನಂಥ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತವೆ. ನಲ್ಲಿ ಮಾತ್ರ ವರ್ಷಕ್ಕೊಂದು ಹೊಸದು ಹಾಕಿ, ನಾಲ್ಕೈದು ಡಾಲರ್ ಅಷ್ಟೇ.